ಬರ್ಲಿ, ಬರ್ಲಿ

ಸಬ್ ರಿಜಿಸ್ಟ್ರಾರ್ ಆಫೀಸಿನ ಕಾಂಪೌಂಡಿಗೆ ಒರಗಿ
ನನ್ನ ಮೇಜು, ಮೇಲೊಂದು ತಗಡು, ಹದಿನೆಂಟು ವರ್ಷ.
ದಾವಣಗೆರೆಯ ಅರ್ಧ ಊರು ಆಡಿದ ಮಾತನ್ನು
ನನ್ನ ಬೆರಳಿನಿಂದಲೇ ವಾಪಸ್ ತಗೊಂಡಿದೆ.

ರದ್ದತಿ ಪತ್ರ ಅಂತೀವಿ. ಹಿಂಪಡೆಯುವ ಅರ್ಜಿ.
'ಸದರಿ ಮರಣಶಾಸನ ಇನ್ನು ಮುಂದೆ ಊರ್ಜಿತವಲ್ಲ.'
ಬೇತೂರಿನ ಹಾಲೇಶಪ್ಪ ನಾಲ್ಕು ಸಲ ಉಯಿಲು ಬರೆಸಿ
ನಾಲ್ಕು ಸಲ ರದ್ದು ಮಾಡಿಸಿ
ಐದನೆಯದಕ್ಕೆ ಟೋಕನ್ ಹಿಡಿದು ಕೂತಿದ್ದಾಗ
ಎದೆ ಹಿಡಿದುಕೊಂಡ.
ಮಕ್ಕಳು ಈಗಲೂ ಬಂದು ನನ್ನನ್ನು ಕೇಳುತ್ತಾರೆ:
ಅಪ್ಪ ಕೊನೆಗೆ ಯಾವ ಕಡೆ ತಿರುಗಿದ್ದ?

ಜಬೀನಾ ಬಂದಿದ್ದಳು. ಗಂಡನ ಮೇಲಿನ ದೂರು ವಾಪಸ್ ತಗೋಬೇಕು.
'ಯಾರ ಒತ್ತಾಯವೂ ಇಲ್ಲದೆ, ಸ್ವಖುಷಿಯಿಂದ'
ಅಂತ ಹೊಡೆದೆ.
ಹಿಂದೆ ಮೈದುನ ನಿಂತು ಬೈಕಿನ ಕೀಲಿಯನ್ನು
ಬೆರಳಲ್ಲಿ ತಿರುಗಿಸುತ್ತಿದ್ದ.
ಆ ಪದ ಅಳಿಸಲೋ ಅಂತ ಅವಳ ಮುಖ ನೋಡಿದೆ.
ಅವಳು ಕೀಲಿ ನೋಡುತ್ತಿದ್ದಳು.
ದುಡ್ಡು ಬೇಡ ಅಂದೆ. ಅಷ್ಟೇ ಅಂದೆ.

ಪೇಪರಿನವರ ಹತ್ತಿರ ಬೇರೆ ಪದಗಳಿವೆ:
ಉಲ್ಟಾ ಹೊಡೆದರು, ರಾಗ ಬದಲಿಸಿದರು, ಕಾಲ್ತೆಗೆದರು.
ಎಲ್ಲದರ ಹಿಂದೆಯೂ ಯಾರೋ ನಗುತ್ತಿರುತ್ತಾರೆ.
ನಮ್ಮವ್ವನ ಬಾಯಲ್ಲಿ ಇದ್ದದ್ದು ಒಂದೇ:
ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು.
ಮುತ್ತನ್ನು ಅವ್ವ ಕಂಡೇ ಇರಲಿಲ್ಲ.
ಅವಳದು ಅಂತ ಉಳಿದದ್ದು ಒಂದು ಒರಳು, ಒಂದು ಗುಂಡು,
ಜಗಳೂರಿನಲ್ಲಿ, ಅಕ್ಕ ಕೊಟ್ರಮ್ಮನ ಹಿತ್ತಿಲಲ್ಲಿ.
ತಿಥಿಯ ಮರುದಿನವೇ ಅದಕ್ಕೆ ಕಿತ್ತಾಡಿದೆವು.
ಒರಳು ಎತ್ತಲಾಗದೆ, ಸಿಟ್ಟಿಗೆ
ಗುಂಡನ್ನಷ್ಟೇ ಕಂಕುಳಲ್ಲಿ ಇಟ್ಟುಕೊಂಡು ಬಂದೆ.
ಹನ್ನೊಂದು ವರ್ಷ
ಅಲ್ಲಿ ಒರಳಲ್ಲಿ ಮಳೆನೀರು, ಇಲ್ಲಿ ಮಂಚದ ಕೆಳಗೆ ಗುಂಡು.

ಅವತ್ತು ಅವಳ ಹೊಸಿಲಲ್ಲಿ ನಿಂತು
'ಹೋಗ್ತೀನಿ' ಅಂದಿದ್ದೆ.
ಬರ್ತೀನಿ ಅನ್ನಲಿಲ್ಲ.
ಅನ್ನದೇ ಇದ್ದದ್ದು ಇಬ್ಬರಿಗೂ ಕೇಳಿಸಿತ್ತು.

ಒಂದು ರಾತ್ರಿ ನನ್ನದೇ ಒಂದು ಕರಡು ಹಾಕಿದೆ:
'ಸದರಿ ನಾನು ಈ ಮೂಲಕ...'
ಅಳಿಸಿದೆ.
ಹಳೇ ಟೈಪ್‌ರೈಟರೇ ವಾಸಿ. ತಪ್ಪಾದರೆ ಗೆರೆ ಎಳೆದು
ಕೆಳಗೆ 'ಚಿತ್ತು ಒಂದು' ಅಂತ ಬರೆದು ಸಹಿ ಹಾಕಬೇಕಿತ್ತು.
ತಪ್ಪೂ ಇರುತ್ತಿತ್ತು, ತಿದ್ದಿದವಳ ಹೆಸರೂ ಇರುತ್ತಿತ್ತು.
ಕಂಪ್ಯೂಟರಿನಲ್ಲಿ ಹಿಂದಕ್ಕೆ ಹೋದರೆ
ಬಿಳಿ, ಬರೀ ಬಿಳಿ,
ನಾನು ಏನೂ ಅಂದೇ ಇಲ್ಲವೇನೋ ಅನ್ನುವ ಹಾಗೆ.

ಮೊನ್ನೆ ಪ್ರೈವೇಟ್ ಬಸ್ ಸ್ಟ್ಯಾಂಡಿನಲ್ಲಿ
ಮಂಡಕ್ಕಿ ಕಟ್ಟಿಸಿಕೊಳ್ಳುತ್ತಿದ್ದೆ.
ಜಗಳೂರು ಗಾಡಿ ರಿವರ್ಸ್ ತಗೊಳ್ಳುತ್ತಿತ್ತು.
ಮೀಸೆ ಮೂಡದ ಕ್ಲೀನರ್ ಹುಡುಗ
ಅದರ ಬೆನ್ನಿಗೆ ಅಂಗೈ ಬಡಿಯುತ್ತಾ ಕೂಗುತ್ತಿದ್ದ,
ಬರ್ಲಿ, ಬರ್ಲಿ, ಬರ್ಲಿ, ಬರ್ಲಿ...
ಹಸು ಕರೆದ ಹಾಗೆ.
ಅಷ್ಟು ದೊಡ್ಡ ಗಾಡಿ
ತನ್ನ ಹಿಂದೆ ಏನಿದೆ ಅಂತ ತನಗೇ ಕಾಣದೆ
ಆ ಒಂದು ಪದ ಹಿಡಿದುಕೊಂಡು
ಗೇಣು ಗೇಣೇ ಬಂತು.
ಯಾರೂ ನಗಲಿಲ್ಲ.
ಒಂದು ಮುದುಕಿ ಗಂಟು ಪಕ್ಕಕ್ಕೆ ಸರಿಸಿ ಜಾಗ ಕೊಟ್ಟಳು.

ಮಂಡಕ್ಕಿಯವನು ಚಿಲ್ಲರೆ ಹಿಡಿದು ಮೂರು ಸಲ ಕರೆದನಂತೆ.

ಭಾನುವಾರ ಅದೇ ಗಾಡಿ ಹತ್ತಿದೆ.
ಚೀಲ ಎತ್ತಿಕೊಂಡ ಹುಡುಗ, 'ಏನಕ್ಕಾ ಇದು, ಕಲ್ಲಾ?'
'ಹ್ಞೂಂ, ಕಲ್ಲೇ.'
ಕಂಡಕ್ಟರ್ ಅದಕ್ಕೂ ಅರ್ಧ ಟಿಕೆಟ್ ಹರಿದ.

ಅಕ್ಕನ ತಲೆ ಪೂರಾ ಬೆಳ್ಳಗಾಗಿತ್ತು.
ದಾರಿಯುದ್ದಕ್ಕೂ ಜೋಡಿಸಿಕೊಂಡದ್ದು
ಬಾಗಿಲಲ್ಲಿ ಒಂದೂ ಬರಲಿಲ್ಲ.
ಅವಳು ಚೀಲ ನೋಡಿದಳು,
ಚೀಲದ ತಳ ಜೋತುಬಿದ್ದ ರೀತಿ ನೋಡಿದಳು.
'ಈಗ ಮಿಕ್ಸಿ ಐತಲ್ಲೇ' ಅಂದು
ಒಳಗೆ ಹೋದಳು.

ಆಮೇಲೆ ಅಡಿಗೆಮನೆಯಿಂದ:
'ಚಪ್ಲಿ ಹೊರಗ್ ಬಿಡಬ್ಯಾಡ. ನಾಯಿ ಒಯ್ತತಿ.'